ನೂರೈವತ್ತರ ಕನ್ನಡಕ, ನೂರರ ಸರ್ಟಿಫಿಕೇಟು

ಜಾಲಹಳ್ಳಿ ಕ್ರಾಸಿನಲ್ಲಿ ಮೆಟ್ರೋ ಮೆಟ್ಟಿಲಿಳಿದು ಬಂದರೆ ಒಂದು ತಳ್ಳುಗಾಡಿ ನಿಂತಿರುತ್ತದೆ. ಗಾಡಿಯ ಮೇಲೆ ಥರ್ಮೋಕೋಲ್ ಹಲಗೆ, ಹಲಗೆಯ ತುಂಬ ಓದುವ ಕನ್ನಡಕಗಳು. ಯಾವುದು ತಗೊಂಡರೂ ನೂರೈವತ್ತು. ಮೊನ್ನೆ ಸೋಮವಾರ ನಾನು ಅವಸರದಲ್ಲಿ ದಾಟಿಕೊಂಡು ಹೋಗುತ್ತಿದ್ದಾಗ ಗಾಡಿಯವನು ಕೂಗಿದ.

“ಮೇಡಂ, ನಿಮ್ ಟೇಪ್ ಸಾರ್ ಯಾಕೆ ಬರ್ತಾನೇ ಇಲ್ಲ? ಹುಷಾರಾಗಿದಾರಾ?”

“ಊರಿಗೆ ಹೋಗಿದಾರಪ್ಪ,” ಅಂದೆ.

ಅವರು ತೀರಿಕೊಂಡು ಆಗಲೇ ಇಪ್ಪತ್ತು ದಿನವಾಗಿತ್ತು. ಅದನ್ನು ಹೇಳಲು ಒಂದು ನಿಮಿಷ ಸಾಕಿತ್ತು. ಆದರೆ ಬಸ್ಸು ಬರುತ್ತಿತ್ತು, ಅಲ್ಲದೆ ಖಾಲಿ ಜಾಗ ಕಂಡರೆ ಏನಾದರೊಂದು ತುಂಬಿ ಮುಂದೆ ಹೋಗುವುದು ನನ್ನ ಹಳೆಯ ಚಾಳಿ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ಕಾಗದಪತ್ರ ನೋಡಿಕೊಳ್ಳುವವಳು ನಾನು. ಯಾವ ಕಾಲಮ್ಮೂ ಖಾಲಿ ಇರಬಾರದು ಎನ್ನುವುದು ಈ ಕೆಲಸದ ಮೊದಲ ಪಾಠ. ಆ ಸುಳ್ಳು ಹೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇವತ್ತು ಮಧ್ಯಾಹ್ನದಿಂದ ಇನ್ನೊಂದು ಕಾರಣವೂ ಸೇರಿಕೊಂಡಿದೆ, ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಅವರನ್ನು ಬರೆದುಬಿಡಬೇಕು.

ಸರ್ಕಾರಿ ಒಡೆತನದ ದೊಡ್ಡ ಕಾರ್ಖಾನೆಯೊಂದರಲ್ಲಿ ಮೂವತ್ತಮೂರು ವರ್ಷ ಅಳತೆ ವಿಭಾಗದಲ್ಲಿದ್ದು, ರಿಟೈರಾದ ಮೂರನೇ ತಿಂಗಳಿಗೆ ನಮ್ಮಲ್ಲಿಗೆ ಬಂದರು. ನಾವು ಮಾಡುವುದು ನೀರಿನ ಪಂಪುಗಳಿಗೆ ಹಾಕುವ ಬುಷ್, ಅಂದರೆ ಬಳೆಯಂಥ ಲೋಹದ ತುಂಡು. ಒಂದು ತಲೆಗೂದಲನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟು ಹೆಚ್ಚುಕಮ್ಮಿಯಾದರೂ ಗಿರಾಕಿ ವಾಪಸ್ ಕಳಿಸುತ್ತಾನೆ. ಮಾಲು ಹೊರಗೆ ಹೋಗುವ ಮುನ್ನ ಕೊನೆಯದಾಗಿ ಅಳೆದು ಸಹಿ ಹಾಕುವ ಇನ್‌ಸ್ಪೆಕ್ಟರ್ ಕೆಲಸ ಅವರದು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ, ಹುಡುಗರು ಅವರಿಗೆ ಮೈಕ್ರಾನ್ ಸಾರ್ ಎಂದು ಹೆಸರಿಟ್ಟಿದ್ದರು. ಕುಳ್ಳಗೆ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಬಲಗಿವಿಯ ಮೇಲೆ ಬೆರಳುದ್ದದ ಪೆನ್ಸಿಲ್, ಬೀಗದ ಕೈ ಗೊಂಚಲಲ್ಲಿ ಒಂದು ಪುಟ್ಟ ಟೇಪು. ಆ ಟೇಪಿನಿಂದಲೇ ಜಾಲಹಳ್ಳಿ ಕ್ರಾಸಿನಲ್ಲಿ ಟೇಪ್ ಸಾರ್ ಆಗಿದ್ದು.

ಆ ಕಥೆಯೂ ಸ್ವಾರಸ್ಯವಾಗಿದೆ. ಒಂದು ದಿನ ಕೆಲಸ ಬಿಟ್ಟು ಇಬ್ಬರೂ ಒಟ್ಟಿಗೆ ಬರುತ್ತಿದ್ದೆವು. ಅವರು ಗಾಡಿಯ ಮುಂದೆ ನಿಂತು ಒಂದು ಕನ್ನಡಕ ಎತ್ತಿಕೊಂಡರು.

“ಇದು ಎಷ್ಟು ಪವರು?”

“ಎರಡು ಸಾರ್. ಸ್ಟಿಕ್ಕರ್ ಇದೆಯಲ್ಲ.”

“ಸ್ಟಿಕ್ಕರ್ ನಾನೂ ಅಂಟಿಸ್ತೀನಿ. ಇರು.”

ಕನ್ನಡಕ ಹಿಡಿದುಕೊಂಡು ಮೆಟ್ರೋ ನೆರಳು ದಾಟಿ ಬಿಸಿಲಿಗೆ ಹೋದರು. ನನ್ನ ಕೈಯಲ್ಲಿದ್ದ ಫೈಲಿನಿಂದ ಒಂದು ಬಿಳಿ ಹಾಳೆ ಕಿತ್ತು ಅಲ್ಲಿನ ಗಿಡ್ಡ ಗೋಡೆಗೆ ಆನಿಸಿ ಹಿಡಿಯಲು ಹೇಳಿದರು. ಗಾಜಿನ ಮೂಲಕ ಸಂಜೆ ಬಿಸಿಲು ಹಾಳೆಯ ಮೇಲೆ ಬೀಳುವಂತೆ ಹಿಡಿದು, ಮುಂದೆ ತಂದು ಹಿಂದೆ ಒಯ್ದು, ಬೆಳಕು ಸಾಸಿವೆ ಕಾಳಿನಷ್ಟು ಚುಕ್ಕೆಯಾದ ಜಾಗದಲ್ಲಿ ನಿಲ್ಲಿಸಿ, ಟೇಪು ಎಳೆದರು. ರಸ್ತೆಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು. ನನಗೆ ನಾಚಿಕೆಯಿಂದ ಸೆರಗು ಮುಖಕ್ಕೆಳೆದುಕೊಳ್ಳುವಂತಾಯಿತು.

“ಎರಡು ಅಂದ್ರೆ ಐವತ್ತು ಸೆಂಟಿಮೀಟರಿಗೆ ಚುಕ್ಕೆ ನಿಲ್ಬೇಕು. ನಿಂದು ಐವತ್ನಾಲ್ಕಕ್ಕೆ ನಿಲ್ತಿದೆ. ರಿಜೆಕ್ಟ್. ಬೇರೆ ಕೊಡು.”

“ಅರೆ ಸಾರ್, ನೂರೈವತ್ ರೂಪಾಯಿ ಮಾಲಿಗೆ ಟೇಪ್ ಹಿಡೀತೀರಲ್ಲ!”

“ನೂರೈವತ್ ರೂಪಾಯಿ ನಂದಲ್ವೇನಪ್ಪ?”

ಹನ್ನೊಂದು ನೋಡಿ ಎರಡು ಆರಿಸಿದರು. ಆಮೇಲೆ ಇದು ಎರಡು ಮೂರು ತಿಂಗಳಿಗೊಮ್ಮೆ ನಡೆಯುವ ಉತ್ಸವವಾಯಿತು. ಗಾಡಿಯವನೂ ಬೆಪ್ಪನಲ್ಲ. ಅವರು ಸರಿಯಿದೆ ಎಂದು ಬದಿಗಿಟ್ಟು ಕೊಳ್ಳದೆ ಬಿಟ್ಟವನ್ನು ಬೇರೆ ಡಬ್ಬಿಯಲ್ಲಿಟ್ಟು, “ಇದು ಟೇಪ್ ಸಾರ್ ಪಾಸ್ ಮಾಡಿರೋ ಮಾಲು,” ಎಂದು ಇಪ್ಪತ್ತು ರೂಪಾಯಿ ಜಾಸ್ತಿಗೆ ಮಾರತೊಡಗಿದ. ಇದು ತಿಳಿದಾಗ ಸಾರ್ ಒಂದು ವಾರ ನಗುತ್ತಲೇ ಇದ್ದರು.

ಅವರು ಜಿಪುಣರೇನೂ ಅಲ್ಲ. ಪೆನ್ಷನ್ ಇತ್ತು, ಬಾಗಲಗುಂಟೆಯಲ್ಲಿ ಸ್ವಂತ ಮನೆ ಇತ್ತು, ಕಾರ್ಖಾನೆಯ ಆಯುಧಪೂಜೆಗೆ ಎಲ್ಲರಿಗಿಂತ ಮೊದಲು ಜೇಬಿಗೆ ಕೈ ಹಾಕುತ್ತಿದ್ದವರು ಅವರೇ. ಕನ್ನಡಕದ ವಿಷಯದಲ್ಲಿ ಮಾತ್ರ ಅವರಿಗೆ ಒಂದು ಹಳೆಯ ಸಿಟ್ಟು. ಹಿಂದಿನ ಕಾರ್ಖಾನೆಯಲ್ಲಿ ಎರಡು ವರ್ಷಕ್ಕೊಮ್ಮೆ ಕಂಪನಿ ಖರ್ಚಿನಲ್ಲೇ ಕನ್ನಡಕ. ಅಲ್ಲಿನ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿ ಚೀಟಿ ಬರೆಸಿಕೊಂಡರೆ ಸಾಕು. “ಸುಮ್ನೆ ಬಿಡ್ತಿರ್ಲಿಲ್ಲ ಕಣಮ್ಮ. ಗಲ್ಲ ಊರಿಸಿ ಕೂರ್ಸಿ ಕಣ್ಣಿಗೆ ಉಫ್ ಅಂತ ಗಾಳಿ ಊದೋರು. ನಾನು ಪ್ರತಿ ಸಲ ಬೆಚ್ಚಿಬೀಳ್ತಿದ್ದೆ. ಯಾಕೆ ಊದ್ತೀರಿ ಅಂತ ಕೇಳಿದ್ರೆ ರೂಲ್ಸು ಅನ್ನೋರು,” ಎಂದು ನಗಾಡುತ್ತಿದ್ದರು. ರಿಟೈರಾದ ಮೇಲೆ ಮೊದಲ ಸಲ ತಮ್ಮ ಜೇಬಿನಿಂದ ಕನ್ನಡಕ ಮಾಡಿಸಲು ಅಂಗಡಿಗೆ ಹೋದರಂತೆ. ನಾಲ್ಕು ಸಾವಿರದ ಇನ್ನೂರು ಎಂದನಂತೆ. ಸಾರ್ ಅಲ್ಲೇ ಕೂತು ಅಂಗಡಿಯವನ ಬಿಲ್ಲಿನ ಹಿಂದೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದ್ದಾರೆ. ಗಾಜಿಗೆ ಇಷ್ಟು, ಉಜ್ಜುವುದಕ್ಕೆ ಇಷ್ಟು, ಫ್ರೇಮಿನ ಕಚ್ಚಾಮಾಲಿಗೆ ಇಷ್ಟು, ಸ್ಕ್ರೂ ಎರಡು, ಅಂಗಡಿ ಬಾಡಿಗೆ, ಅವನ ಲಾಭ. ಎಷ್ಟು ಕೂಡಿಸಿದರೂ ಸಾವಿರದ ಇನ್ನೂರು ದಾಟಲಿಲ್ಲ.

“ಮಿಕ್ಕಿದ್ದು ಯಾತಕ್ಕಪ್ಪ ಅಂದೆ. ಟೆಸ್ಟಿಂಗ್ ಫ್ರೀ ಸಾರ್ ಅಂದ. ಫ್ರೀ ಅನ್ನೋದನ್ನ ಲೆಕ್ಕದಲ್ಲಿ ಹೆಂಗಮ್ಮ ಹಾಕೋದು? ಎದ್ದು ಬಂದ್ಬಿಟ್ಟೆ.”

ನಾಲ್ಕು ಸಾವಿರದ ಇನ್ನೂರಕ್ಕೆ ನೂರೈವತ್ತರ ಕನ್ನಡಕ ಇಪ್ಪತ್ತೆಂಟು ಬರುತ್ತವೆ ಎನ್ನುವುದು ಅವರ ಬಾಯಿಪಾಠ. ಒಂದನ್ನು ಕೊಂಡರೆ ಅದನ್ನು ನಾವು ಕಾಯಬೇಕು, ಆರನ್ನು ಕೊಂಡರೆ ಅವೇ ನಮ್ಮನ್ನು ಕಾಯುತ್ತವೆ ಎನ್ನುವರು. ಅದರಂತೆ ಅಳತೆ ಕೋಣೆಯಲ್ಲಿ ಎರಡು, ಲೋಹ ಕಡೆಯುವ ಲೇತ್ ಮಷೀನಿನ ಹತ್ತಿರ ಮೊಳೆಗೆ ನೇತುಹಾಕಿದ್ದು ಒಂದು, ನನ್ನ ಟೇಬಲ್ಲಿನ ಮೇಲೊಂದು, ಗಣಪತಿ ಫೋಟೋ ಹಿಂದೊಂದು, ಜೇಬಲ್ಲೊಂದು. ಅಷ್ಟಕ್ಕೇ ಬಿಡಲಿಲ್ಲ. ನಮ್ಮಲ್ಲಿ ಅಳೆಯುವ ಸಾಧನಗಳನ್ನೆಲ್ಲ ವರ್ಷಕ್ಕೊಮ್ಮೆ ಹೊರಗೆ ಕಳಿಸಿ ಸರಿಯಿದೆಯೋ ಇಲ್ಲವೋ ನೋಡಿಸುತ್ತೇವೆ, ಅದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತೇವೆ. ಸರಿಯಿದ್ದರೆ ಹಸಿರು ಸ್ಟಿಕ್ಕರ್. ಸಾರ್ ತಮ್ಮ ಕನ್ನಡಕಗಳಿಗೂ ಹಸಿರು ಸ್ಟಿಕ್ಕರ್ ಅಂಟಿಸಿ ಕ-1, ಕ-2 ಎಂದು ನಂಬರು ಕೊಟ್ಟು, ಅಂಗಳದ ಬಿಸಿಲಿನಲ್ಲಿ ಟೇಪು ಹಿಡಿದು ನೋಡಿದ ತಾರೀಕು ಬರೆದಿದ್ದರು.

ಸಾರ್ ಬಂದ ಹೊಸತರಲ್ಲಿ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಕೆಲಸ ಸುಸೂತ್ರವಾಗಿ ನಡೆಯುತ್ತಿತ್ತು. ಯಾವುದಾದರೂ ಅಳತೆ ತಗೊಳ್ಳುವುದು ಮರೆತಿದ್ದರೆ ಹಿಂದಿನ ರಿಪೋರ್ಟು ನೋಡಿ ಹತ್ತಿರ ಹತ್ತಿರದ ಒಂದು ಅಂಕಿ ಬರೆದುಬಿಡುತ್ತಿದ್ದೆ. ಎಲ್ಲರೂ ಮಾಡುವುದೇ. ಅವರು ಬಂದ ಎರಡನೇ ವಾರ ಅಂಥ ಒಂದು ಅಂಕಿ ಹಿಡಿದುಬಿಟ್ಟರು.

“ಇದನ್ನ ಯಾರು ಅಳೆದಿದ್ದು?”

ನಾನು ಹಿಂದಿನ ರಿಪೋರ್ಟನ್ನು ಮೆಲ್ಲಗೆ ಫೈಲಿನ ಕೆಳಗೆ ಸರಿಸಿದೆ.

“ಅಳೆದಿಲ್ಲ ಅಂದ್ರೆ ಅಳೆದಿಲ್ಲ ಅಂತ ಬರಿ. ಅದ್ರಲ್ಲೇನಮ್ಮ ನಾಚಿಕೆ? ಖಾಲಿ ಇರೋದು ತಪ್ಪಲ್ಲ, ಸುಳ್ಳು ತುಂಬಿರೋದು ತಪ್ಪು.”

ಹದಿನಾಲ್ಕು ಹಾಳೆ ಹರಿಸಿ ಮತ್ತೆ ಬರೆಸಿದರು. ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರನ್ನು ಮನಸಾರೆ ಬೈದುಕೊಂಡೆ. ಆದರೆ ಗಿರಾಕಿಗೆ ಹೋಗುವ ಹಾಳೆಯಲ್ಲಿ ಅಳೆದಿಲ್ಲ ಎಂದು ಬರೆದರೆ ನಮ್ಮ ಓನರ್ ಒಪ್ಪಬೇಕಲ್ಲ? ಅದಕ್ಕೆ ಸಾರ್ ಒಂದು ಉಪಾಯ ಕಂಡುಕೊಂಡರು. ಅವಸರದಲ್ಲಿ ಮಾಲು ಹೋಗಲೇಬೇಕಾದಾಗ, ಬಿಟ್ಟುಹೋದದ್ದನ್ನು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಗಿರಾಕಿಗೆ ಹೋಗುತ್ತಿದ್ದುದು ಮುಂಬದಿಯ ಜೆರಾಕ್ಸ್, ಮೂಲ ಹಾಳೆ ನಮ್ಮ ಫೈಲಿಗೆ. ಎರಡೇ ಪದ ಅವರದು. ಅಳತೆ ತಗೊಂಡಿರದಿದ್ದರೆ ‘ಅಳೆದಿಲ್ಲ’. ತಗೊಂಡರೂ ಮನಸ್ಸಿಗೆ ಸರಿಕಾಣದಿದ್ದರೆ ‘ಅನುಮಾನ’. ನಾನು ಮಾರನೇ ದಿನ ಹಾಳೆ ತಿರುಗಿಸಿ ನೋಡಿ, ಉಳಿದ ಮಾಲಿನಲ್ಲಿ ಅದನ್ನು ಅಳೆಸಬೇಕು.

“ಹಾಳೆ ತಿರುಗಿಸಿ ನೋಡಮ್ಮ. ಮುಂದ್ಗಡೆ ಗಿರಾಕಿಗೆ, ಹಿಂದ್ಗಡೆ ನಮಗೆ,” ಎನ್ನುವರು.

ನಾಲ್ಕೈದು ವರ್ಷ ಶ್ರದ್ಧೆಯಿಂದ ತಿರುಗಿಸಿದೆ. ಆಮೇಲೆ ಸ್ಕ್ಯಾನರ್ ಬಂತು. ಸ್ಕ್ಯಾನರ್ ಮುಂದುಗಡೆ ಮಾತ್ರ ನೋಡುತ್ತದೆ, ನಾನೂ ಅದರ ಜೊತೆ ಹಾಗೇ ಆದೆ.

ಅವರ ಬಗ್ಗೆ ನಾವು ಮಾಡುತ್ತಿದ್ದ ತಮಾಷೆಗಳು ಈಗ ಒಂದೊಂದಾಗಿ ನೆನಪಾಗುತ್ತವೆ. ಅಳತೆ ಕೋಣೆಯ ಬಾಗಿಲಿಗೆ ಅವರ ಎಡ ಭುಜ ದಿನಕ್ಕೊಂದು ಸಲವಾದರೂ ಬಡಿಯುತ್ತಿತ್ತು. “ಮೈಕ್ರಾನ್ ಕಾಣತ್ತೆ, ಬಾಗಿಲು ಕಾಣಲ್ಲ!” ಎಂದು ಲೇತಿನವರು ನಗುವರು, ಸಾರೂ ಅವರ ಜೊತೆ ನಗುವರು. ಟೀ ಲೋಟವನ್ನು ಟೇಬಲ್ಲಿನ ಎಡ ಅಂಚಿಗಿಟ್ಟು ಎರಡು ಸಲ ಬೀಳಿಸಿದರು. ನಾನು ಎಡಗಡೆಯಿಂದ ಹೋಗಿ ನಿಂತು ಮಾತಾಡಿದರೆ ಬೆಚ್ಚಿ, “ಯಾವಾಗ ಬಂದ್ಯಮ್ಮ, ಬೆಕ್ಕಿನ ಥರಾ?” ಎನ್ನುವರು. ನಾನು ಬೆಕ್ಕಿನ ಹಾಗೆ ನಡೆಯುವವಳಲ್ಲ. ನನ್ನ ಚಪ್ಪಲಿ ಸದ್ದು ಗೇಟಿನವರೆಗೂ ಕೇಳಿಸುತ್ತದೆ.

ಒಂದು ವರ್ಷ ಗಿರಾಕಿ ಕಂಪನಿಯಿಂದ ಆಡಿಟ್ ಮಾಡಲು ಒಬ್ಬ ಹೆಂಗಸು ಬಂದರು. ಮಾತು ಕಮ್ಮಿ, ಕಣ್ಣು ಚುರುಕು. ಎಲ್ಲ ನೋಡಿ, ಕೊನೆಗೆ ಮೊಳೆಗೆ ನೇತಾಡುತ್ತಿದ್ದ ಕ-3 ಕೈಗೆತ್ತಿಕೊಂಡರು.

“ಇದೇನ್ ಸಾರ್, ಕನ್ನಡಕಕ್ಕೂ ಕ್ಯಾಲಿಬ್ರೇಷನ್ನಾ?”

ಸಾರ್ ಹೆಮ್ಮೆಯಿಂದ ಬಿಸಿಲು, ಟೇಪು, ಐವತ್ತು ಸೆಂಟಿಮೀಟರು ಎಲ್ಲ ವಿವರಿಸಿದರು. ಆಕೆಗೆ ನಿಜವಾಗಿಯೂ ಮೆಚ್ಚುಗೆಯಾಯಿತು. ಆಮೇಲೆ ತಣ್ಣಗೆ ಕೇಳಿದರು, “ಕನ್ನಡಕ ಸರಿಯಿದೆ. ಕಣ್ಣು ಕ್ಯಾಲಿಬ್ರೇಟ್ ಮಾಡಿಸಿದ್ದು ಯಾವಾಗ ಸಾರ್?”

ಸಾರ್ ಕ-3 ವಾಪಸ್ ಇಸಿದುಕೊಂಡು ಮೊಳೆಗೆ ನೇತುಹಾಕಿದರು. ದೀಪದ ಬುಡ ಕತ್ತಲು ಅನ್ನುವುದನ್ನು ನಾನು ಅವತ್ತು ಕಣ್ಣಾರೆ ಕಂಡೆ. ಇನ್‌ಸ್ಪೆಕ್ಟರ್ ಕೆಲಸ ಮಾಡುವವರಿಗೆ ವರ್ಷಕ್ಕೊಂದು ಕಣ್ಣಿನ ಸರ್ಟಿಫಿಕೇಟ್ ಇರಲೇಬೇಕು ಎಂದು ಆಕೆ ಬರೆದು, ಒಂದು ತಿಂಗಳು ಗಡುವು ಕೊಟ್ಟು, ಅದರ ಫಾರಮ್ಮನ್ನೂ ಕೊಟ್ಟುಹೋದರು. ಫಾರಮ್ಮಿನಲ್ಲಿ ನಾಲ್ಕು ಕಾಲಂ: ಹತ್ತಿರದ ನೋಟ, ದೂರದ ನೋಟ, ಬಣ್ಣ, ಪಕ್ಕದ ನೋಟ, ಅಂದರೆ ನೇರ ನೋಡುವಾಗ ಅಕ್ಕಪಕ್ಕ ಎಷ್ಟು ಕಾಣುತ್ತದೆ ಎನ್ನುವುದು.

“ಒಂದು ಸರ್ಟಿಫಿಕೇಟ್ ಹಾಕಮ್ಮ ಫೈಲಿಗೆ,” ಅಂದರು ಓನರ್.

ನಾನು ಮೊದಲು ಸರಿಯಾದ ದಾರಿಯಲ್ಲೇ ಹೊರಟೆ. ಸಾರಿಗೆ ಹೇಳಿದೆ. ಮುಂದಿನ ವಾರ ಎಂದರು. ಮುಂದಿನ ವಾರ ಕೇಳಿದಾಗ ನನ್ನ ಕೈ ಹಿಡಿದೆಳೆದು ಬಳೆಯ ಒಳಗಿದ್ದ ಹಾಲ್‌ಮಾರ್ಕಿನ ಪುಟಾಣಿ ಅಕ್ಷರ ಓದಿ ತೋರಿಸಿ, “ಇದಕ್ಕಿಂತ ಇನ್ನೇನ್ ಬೇಕು?” ಎಂದರು. ಮೂರನೇ ಸಲ ಹಿಂದುಗಡೆಯ ಟ್ಯಾಂಕಿನ ಕಟ್ಟೆ ಮೇಲೆ ಟೀ ಕುಡಿಯುತ್ತಿದ್ದಾಗ ಕೇಳಿದೆ. ಆಗ ಅವರು ನಗಲಿಲ್ಲ.

“ಹೋದ್ರೆ ಏನಾದ್ರೂ ಹೇಳ್ತಾರೆ ಕಣಮ್ಮ. ಏನಾದ್ರೂ ಹೇಳಿದ್ರೆ ಓನರ್ ನನ್ನನ್ನ ಮನೇಲಿರಿ ಅಂತಾರೆ. ಮನೇಲಿ ಅಳೆಯೋಕೆ ಏನಿದೆ ಹೇಳು? ಹಾಲು ಅರ್ಧ ಲೀಟ್ರು, ಅದನ್ನೂ ಅವ್ರೇ ಅಳೆದು ಪ್ಯಾಕೆಟ್ ಮಾಡಿ ಕಳಿಸ್ತಾರೆ.”

ಆ ಕ್ಷಣ ನಾನು ಏಳಿ ಸಾರ್ ಎಂದು ಎಬ್ಬಿಸಿ ಕರೆದುಕೊಂಡು ಹೋಗಬೇಕಿತ್ತು. ನನ್ನ ತಂದೆಯಾಗಿದ್ದರೆ ಹಾಗೇ ಮಾಡುತ್ತಿದ್ದೆ. ಮಾಡಲಿಲ್ಲ. ಅವರ ಮೇಲಿನ ಮರುಕವೋ, ನನ್ನ ಸೋಮಾರಿತನವೋ, ಎರಡೂ ಸೇರಿತ್ತೋ. ಗಡುವಿಗೆ ಎರಡು ದಿನವಿದ್ದಾಗ ನಮ್ಮ ಬೀದಿಯ ಕ್ಲಿನಿಕ್ಕಿಗೆ ಹೋದೆ. ಜ್ವರವಿಲ್ಲದವರಿಗೂ ಜ್ವರದ ರಜೆ ಚೀಟಿ ಸಿಗುವ ಜಾಗ ಅದು. ನಾಲ್ಕೂ ಕಾಲಮ್ಮಿಗೆ ಮನೆಯಲ್ಲೇ ಟಿಕ್ ಹಾಕಿಕೊಂಡು ಹೋಗಿದ್ದೆ.

“ಪೇಷೆಂಟ್ ಎಲ್ಲಿ?” ಡಾಕ್ಟರು ಕೇಳಿದರು.

“ಡ್ಯೂಟೀಲಿದಾರೆ ಡಾಕ್ಟ್ರೇ. ಕಣ್ಣು ಚೆನ್ನಾಗೇ ಇದೆ.”

ಸೀಲು ಬಿತ್ತು. ನೂರು ರೂಪಾಯಿ. ತಳ್ಳುಗಾಡಿಯ ಕನ್ನಡಕಕ್ಕಿಂತ ಐವತ್ತು ಅಗ್ಗ.

ಸರ್ಟಿಫಿಕೇಟು ತಂದು ಸಾರ್ ಮುಂದಿಟ್ಟಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ಸುಳ್ಳು ಅಂಕಿಗೆ ಹದಿನಾಲ್ಕು ಹಾಳೆ ಹರಿಸಿದ ಮನುಷ್ಯ. ಮುಖದ ಮೇಲೆ ಎಸೆಯುತ್ತಾರೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಎಸೆಯಲಿ ಎಂದು ಮನಸ್ಸಿನ ಯಾವುದೋ ಮೂಲೆ ಕೇಳಿಕೊಳ್ಳುತ್ತಿತ್ತು. ಸಾರ್ ಕ-1 ಹಾಕಿಕೊಂಡು, ಮಾಲಿನ ಡ್ರಾಯಿಂಗ್ ಓದುವ ಹಾಗೆ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ನಾಲ್ಕನೇ ಸಾಲಿನ ಮೇಲೆ ಬೆರಳು ನಿಂತಿತು. ನನ್ನ ಮುಖ ನೋಡಲಿಲ್ಲ.

“ನಾನೇ ಫೈಲಿಗೆ ಹಾಕ್ತೀನಿ, ಬಿಡು,” ಎಂದರು.

ಅವತ್ತು ಟೀಗೆ ಟ್ಯಾಂಕಿನ ಕಟ್ಟೆಗೆ ಇಬ್ಬರೂ ಹೋಗಲಿಲ್ಲ. ಮಾರನೇ ದಿನ ಎಂದಿನಂತೆ ಟೀ, ತಮಾಷೆ. ಮುಂದಿನ ವರ್ಷ ಇದೇ ಕಥೆ, ಅದರ ಮುಂದಿನ ವರ್ಷವೂ. ಎರಡನೇ ಸಲಕ್ಕೆ ನನ್ನ ಎದೆ ಹೊಡೆದುಕೊಳ್ಳಲಿಲ್ಲ. ಮೂರನೇ ಸಲ ಆಡಿಟ್ ಪಟ್ಟಿಯಲ್ಲಿ ಅದೂ ಒಂದು ಐಟಂ, ಅಷ್ಟೇ. ಮೂರು ಸಲವೂ ಅವರೇ ಫೈಲಿಗೆ ಹಾಕಿದರು.

ಮೂರನೇ ಸರ್ಟಿಫಿಕೇಟು ಹಾಕಿದ ನಾಲ್ಕು ತಿಂಗಳಿಗೆ ಸಾರ್, ಲಾರಿಗೆ ಮಾಲು ತುಂಬುವ ಕಟ್ಟೆಯ ಎಡ ಅಂಚು ಕಾಣದೆ ಕೆಳಗೆ ಬಿದ್ದರು. ಹಗಲು ಹನ್ನೊಂದು ಗಂಟೆ, ಕಣ್ಣು ಕುಕ್ಕುವ ಬಿಸಿಲು. ಮಣಿಕಟ್ಟು ಮುರಿಯಿತು, ಹುಬ್ಬಿನ ಹತ್ತಿರ ಗಾಯವಾಯಿತು. ಗಾಯ ಕಣ್ಣಿನ ಪಕ್ಕದಲ್ಲೇ ಇದ್ದದ್ದರಿಂದ ಕಣ್ಣಾಸ್ಪತ್ರೆಗೂ ತೋರಿಸಿ ಎಂದರು. ಅವರ ಹೆಂಡತಿಯ ಜೊತೆ ನಾನೂ ಹೋದೆ.

ಗಲ್ಲ ಊರಿಸಿ ಕೂರಿಸಿದರು. ಉಫ್ ಎಂದು ಗಾಳಿ ಊದಿತು. ಸಾರ್ ಬೆಚ್ಚಿ ಹಿಂದೆ ಸರಿದು, ನನ್ನ ಕಡೆ ತಿರುಗಿ, “ಇದೇ ಕಣಮ್ಮ, ನಮ್ ಫ್ಯಾಕ್ಟ್ರೀಲಿ ಊದ್ತಿದ್ದಿದ್ದು,” ಎಂದು ನಕ್ಕರು. ಅದಾದ ಮೇಲೆ ಡಾಕ್ಟರಮ್ಮ ಏನೇನೋ ಪರೀಕ್ಷೆ ಮಾಡಿದರು. ಕೊನೆಗೆ ಕೂರಿಸಿ ಹೇಳಿದರು. ಅದು ಕಣ್ಣೊಳಗಿನ ಒತ್ತಡ ಅಳೆಯುವ ಗಾಳಿ. ಒತ್ತಡ ಏರಿ ಕಣ್ಣಿನ ನರ ಒಣಗಿದೆ, ಗ್ಲುಕೋಮಾ ಎನ್ನುತ್ತಾರೆ. ನೋವಿಲ್ಲ, ಉರಿಯಿಲ್ಲ, ಅಂಚಿನಿಂದ ತಿನ್ನುತ್ತಾ ಬರುತ್ತದೆ. ನಟ್ಟನಡುವಿನ ನೋಟ ಕೊನೆಯವರೆಗೂ ಉಳಿಯುವುದರಿಂದ ಅಕ್ಷರ ಓದಲು ಏನೂ ತೊಂದರೆಯಾಗದು. ಎಡಗಣ್ಣು ಹೆಚ್ಚುಕಮ್ಮಿ ಹೋಗಿದೆ, ಬಲಗಣ್ಣು ಅರ್ಧ. ಹೋದದ್ದು ಬರುವುದಿಲ್ಲ.

“ಈ ಫುಟ್‌ಪಾತ್ ಕನ್ನಡಕದಿಂದ ಹಾಳಾಯ್ತಾ ಡಾಕ್ಟ್ರೇ?” ಅವರ ಹೆಂಡತಿ ಕೇಳಿದರು. ಆಂಟಿಯ ದನಿಯಲ್ಲಿ ವರ್ಷಗಳ ಸಿಟ್ಟಿತ್ತು.

“ಇಲ್ಲಮ್ಮ, ಅದು ಏನೂ ಮಾಡಿಲ್ಲ. ಅದನ್ನ ತಗೊಳ್ಳೋಕೆ ಯಾರಿಗೂ ಕಣ್ಣು ತೋರಿಸ್ಬೇಕಾಗಿಲ್ಲ, ಅದೇ ಆಗಿದ್ದು. ಎರಡು ಮೂರು ವರ್ಷ ಮುಂಚೆ ಬಂದಿದ್ರೆ ಡ್ರಾಪ್ಸ್ ಹಾಕಿ ಇದ್ದಷ್ಟನ್ನ ಉಳಿಸ್ಕೋಬಹುದಾಗಿತ್ತು.”

ಎರಡು ಮೂರು ವರ್ಷ. ನನ್ನ ಕಿವಿಯಲ್ಲಿ ಕ್ಲಿನಿಕ್ಕಿನ ಸೀಲು ಕುಟ್ಟಿದ ಸದ್ದು ಕೇಳಿಸಿತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುತ್ತಾರೆ. ಅವರ ಕಣ್ಣನ್ನು ಮುಚ್ಚಿದ ಕೈ ನನ್ನದು.

ಸಾರ್ ಕೆಲಸ ಬಿಟ್ಟರು. ಮೂರು ವಾರ ಹೋಗದೆ ತಪ್ಪಿಸಿಕೊಂಡು ಓಡಾಡಿದೆ. ಒಂದು ಭಾನುವಾರ ತಡೆಯಲಾಗದೆ ಬಾಗಲಗುಂಟೆಯ ಅವರ ಮನೆಗೆ ಹೋದೆ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಆ ಟೇಪು. ಅದನ್ನು ಎಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು. “ಬೆಳಗ್ಗಿಂದ ಇದೇ,” ಎಂದು ಆಂಟಿ ಕಾಫಿ ಕೊಟ್ಟು ಒಳಗೆ ಹೋದರು.

ಕ್ಷಮೆ ಕೇಳಲು ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆಯೇ. “ಬೇಗ ಹುಷಾರಾಗ್ತೀರಿ ಸಾರ್, ಮತ್ತೆ ಬರೋರಂತೆ,” ಅಂದೆ.

“ಅಳೆಯದೆ ಹೇಳ್ಬೇಡಮ್ಮ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಟೇಪು ಇನ್ನೊಮ್ಮೆ ಎಳೆದು ಬಿಟ್ಟರು. ಆಮೇಲೆ ತಾವಾಗಿಯೇ ಹೇಳಿದರು.

“ಆ ಅಂಗಡಿಯವನ ಬಿಲ್ಲಿನ ಹಿಂದೆ ಲೆಕ್ಕ ಹಾಕಿದ್ನಲ್ಲ, ನಾಲ್ಕು ಸಾವಿರದ ಇನ್ನೂರು. ಗಾಜು ಹಾಕ್ದೆ, ಫ್ರೇಮ್ ಹಾಕ್ದೆ, ಸ್ಕ್ರೂ ಸೈತ ಹಾಕ್ದೆ. ಎದುರಿಗೆ ಒಬ್ಬ ಮನುಷ್ಯ ಕೂತು ನನ್ ಕಣ್ಣೊಳಗೆ ನೋಡ್ತಾನಲ್ಲ, ಅದಕ್ಕೊಂದು ಸಾಲೇ ಬಿಟ್ಟಿರ್ಲಿಲ್ಲ ಕಣಮ್ಮ. ಫ್ರೀ ಅಂದ್ನಲ್ಲ, ಅದಕ್ಕೆ ಸೊನ್ನೆ ಅಂತ ಹಾಕ್ಬಿಟ್ಟೆ. ಮೂವತ್ತಮೂರು ವರ್ಷ ಅಳೆದೋನು ನಾನು.”

ಸರ್ಟಿಫಿಕೇಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದರು. ಎಡಗೈಯಿಂದ ಗೋಡೆ ಸವರಿಕೊಂಡು ಬಂದರು. “ಫೈಲೆಲ್ಲ ನೋಡ್ತಾ ಇರಮ್ಮ,” ಎಂದರು. ಹೂಂ ಸಾರ್ ಎಂದೆ. ಕೆಲಸ ಸರಿಯಾಗಿ ಮಾಡು ಎನ್ನುತ್ತಿದ್ದಾರೆ ಎಂದುಕೊಂಡೆ.

ಅದಾಗಿ ಎಂಟು ತಿಂಗಳು. ಹೋದ ತಿಂಗಳು ಬೆಳಿಗ್ಗೆ ಸ್ನಾನ ಮಾಡಿ ಬಂದು ಅದೇ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹೃದಯ ನಿಂತಿತಂತೆ. ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಎಲ್ಲರೂ ಹೇಳಿದರು. ನಾನೂ ಅದನ್ನೇ ನಾಲ್ಕು ಜನಕ್ಕೆ ಹೇಳಿದೆ.

ಈಗ ಇವತ್ತಿನ ಮಾತು. ಅವರ ಜಾಗಕ್ಕೆ ಬಂದಿರುವ ಇನ್‌ಸ್ಪೆಕ್ಟರಿಗೆ ನಲವತ್ತೊಂದು ವರ್ಷ, ತುಮಕೂರಿನ ಕಡೆಯವರು. ಅವರಿಗೂ ಮೊನ್ನೆಯಿಂದ ಅಕ್ಷರ ಮಸುಕಾಗುತ್ತಿದೆಯಂತೆ. ಗಣಪತಿ ಫೋಟೋ ಹಿಂದೆ ಇನ್ನೂ ಉಳಿದಿದ್ದ ಸಾರ್ ಕನ್ನಡಕ ಹಾಕಿಕೊಂಡು, “ಅಕ್ಕ, ಇದು ನಂಗೂ ಸರಿಯಾಗ್ತದೆ ನೋಡಿ,” ಎಂದರು. ಬರುವ ಶುಕ್ರವಾರ ಆಡಿಟ್. ಬೆಳಿಗ್ಗೆ ಓನರ್ ನನ್ನ ಟೇಬಲ್ ದಾಟಿ ಹೋಗುವಾಗ ಹೇಳಿದರು, “ಆ ಕಣ್ಣಿಂದೊಂದು ಸರ್ಟಿಫಿಕೇಟ್ ಹಾಕಮ್ಮ ಫೈಲಿಗೆ.”

ಫಾರಮ್ಮಿನ ನಮೂನೆ ಬೇಕಲ್ಲ ಎಂದು ಹಳೆಯ ಫೈಲು ತೆಗೆದೆ. ನನ್ನ ತಲೆಯ ಮೇಲಿನ ಕಪಾಟಿನಲ್ಲೇ ಇತ್ತು, ನನ್ನನ್ನೂ ಸಾರನ್ನೂ ಬಿಟ್ಟರೆ ಯಾರೂ ಮುಟ್ಟದ ಫೈಲು. ಮೂರು ಸರ್ಟಿಫಿಕೇಟೂ ಒಂದರ ಹಿಂದೊಂದು ಇದ್ದವು. ಜೆರಾಕ್ಸ್ ಮಾಡಲು ಮೊದಲನೆಯದನ್ನು ಮಗುಚಿ ಹಾಕಿದೆ. ಹಿಂಬದಿಯಲ್ಲಿ ಪೆನ್ಸಿಲು. ಅದೇ ಪುಟ್ಟ ಅಕ್ಷರ.

‘ನಾಲ್ಕೂ ಅಳೆದಿಲ್ಲ.’

ಕೆಳಗೆ ಅವರ ಸಹಿ. ಎರಡನೆಯದನ್ನು ತಿರುಗಿಸಿದೆ. ‘ಅಳೆದಿಲ್ಲ.’ ಮೂರನೆಯದರಲ್ಲಿ ಸಾಲು ವಾಲಿತ್ತು, ಅಕ್ಷರ ಹಾಳೆಯ ಎಡ ಅಂಚಿನಿಂದ ಬಹಳ ಈಚೆಗೆ ಶುರುವಾಗಿತ್ತು.

‘ಅಳೆದಿಲ್ಲ. ಎಡಗಡೆ ಅನುಮಾನ.’

ಮುಂದ್ಗಡೆ ಗಿರಾಕಿಗೆ, ಹಿಂದ್ಗಡೆ ನಮಗೆ. ಬಾಯಿಬಿಟ್ಟು ಹೇಳಲು ಆ ಮನುಷ್ಯನಿಗೆ ಧೈರ್ಯ ಬಂದಿರಲಿಲ್ಲ. ತನಗೆ ಗೊತ್ತಿದ್ದ ರೀತಿಯಲ್ಲಿ, ನಾನು ನೋಡಲೇಬೇಕಾದ ಜಾಗದಲ್ಲಿ, ಬರೆದಿಟ್ಟು ಕಾದಿದ್ದರು. ನಾನು ಹಾಳೆ ತಿರುಗಿಸಿ ನೋಡಿ, ಬಂದು ಕೈ ಹಿಡಿದು ಎಬ್ಬಿಸಲಿ ಎಂದು. ಒಂದಲ್ಲ, ಮೂರು ವರ್ಷ. ನಾನು ಅಲ್ಲೇ ನಿಂತು ಅತ್ತೆ. ಜೆರಾಕ್ಸ್ ಮಷೀನು ಬೆಚ್ಚಗಾಗಿ ಕಾದು ಕಾದು ತಾನಾಗಿಯೇ ಆರಿಹೋಯಿತು.

ಆಮೇಲೆ ಹೊಸ ಫಾರಂ ತೆಗೆದುಕೊಂಡು ಇನ್‌ಸ್ಪೆಕ್ಟರ್ ಹೆಸರು ಬರೆದೆ. ಹತ್ತಿರದ ನೋಟ, ದೂರದ ನೋಟ, ಬಣ್ಣ, ಪಕ್ಕದ ನೋಟ, ನಾಲ್ಕೂ ಕಾಲಮ್ಮಿನಲ್ಲಿ ‘ಅಳೆದಿಲ್ಲ’ ಎಂದು ಬರೆದೆ. ಮುಂದುಗಡೆಯೇ ಬರೆದೆ, ಪೆನ್ನಿನಲ್ಲಿ. ಕೆಳಗೆ ನನ್ನ ಸಹಿ ಹಾಕಿ ಓನರ್ ಟೇಬಲ್ಲಿನ ಮೇಲಿಟ್ಟು ಬಂದೆ. ಇನ್‌ಸ್ಪೆಕ್ಟರಿಗೆ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕಣ್ಣಾಸ್ಪತ್ರೆ ಹತ್ತಿರ ಬಂದುಬಿಡಿ, ನಾನೂ ತೋರಿಸಿಕೊಳ್ಳಬೇಕು, ಎಂದು ಹೇಳಿದ್ದೇನೆ. ದಾರಿಯಲ್ಲಿ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು ಗಾಡಿಯವನಿಗೂ ನಿಜ ಹೇಳಬೇಕು.

ಸಂಜೆ ಐದಾಯಿತು. ಓನರ್ ಎರಡು ಸಲ ಹೊರಗೆ ಬಂದು ನನ್ನ ಮುಖ ನೋಡಿ ಒಳಗೆ ಹೋದರು. ಇನ್ನೂ ಕರೆದಿಲ್ಲ.